ಜೊತೆಗೊಂದು ತುತ್ತು

ಅಡುಗೆಮನೆಯ ಪಾತ್ರೆಗಳಲ್ಲಿ ತಟ್ಟೆಯಷ್ಟು ನಿರ್ಗುಣವಾದದ್ದು ಇನ್ನೊಂದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಚೊಂಬಿಗೆ ಕಂಠವಿದೆ, ಕೊಡಕ್ಕೆ ಹೊಟ್ಟೆಯಿದೆ, ಬಾಣಲೆಗೆ ಕಿವಿಗಳಿವೆ. ತಟ್ಟೆಗೆ ಮಾತ್ರ ಅಂಗಾಂಗಗಳ ಗೊಡವೆಯೇ ಇಲ್ಲ. ಬಡಿಸಿದ್ದನ್ನು ಹೊತ್ತುಕೊಳ್ಳುತ್ತದೆ, ತೊಳೆದರೆ ಗೂಡಿಗೆ ಹೋಗುತ್ತದೆ. ಇಂಥ ನಿರುಪದ್ರವಿ ವಸ್ತುವಿನ ಕಡೆಗೆ ನನ್ನಂಥವನ ಗಮನ ಹೋಗಬೇಕಾದರೆ ಲೋಕದಲ್ಲಿ ನೋಡಲು ಬೇರೇನೂ ಉಳಿದಿರಬಾರದು. ಲಾಕ್‌ಡೌನ್ ಕಾಲದಲ್ಲಿ ನಿಜಕ್ಕೂ ಉಳಿದಿರಲಿಲ್ಲ. ಬೀದಿಯನ್ನು ನೋಡುವಂತಿಲ್ಲ, ಟೀವಿಯನ್ನು ನೋಡಿದರೆ ಎದೆ ನಡುಗುತ್ತದೆ, ಹೀಗಾಗಿ ಅಡುಗೆಮನೆಯನ್ನು ನೋಡುತ್ತಿದ್ದೆ. ಆಗ ಕಂಡದ್ದು ಇಷ್ಟು: ಗೂಡಿನಲ್ಲಿ ಓರೆಯಾಗಿ ನಿಲ್ಲಿಸಿದ ತಟ್ಟೆಗಳಲ್ಲಿ ಒಂದು ಮಾತ್ರ ಯಾವಾಗ ನೋಡಿದರೂ ಒದ್ದೆ. ಮಗಳಿಗೆ ಅನ್ನ ತಿನ್ನಿಸಿದ ಶಾಸ್ತ್ರದ ದಿನ ಅವಳ ಹೆಸರು ಕೊರೆಸಿ ಕೊಂಡು ತಂದ ಪುಟ್ಟ ಸ್ಟೀಲ್ ತಟ್ಟೆ ಅದು. ಅದರಿಂದ ಬೆಳಿಗ್ಗೆಯೂ ನೀರು ಸೋರುತ್ತಿತ್ತು, ಮಧ್ಯಾಹ್ನವೂ ಸೋರುತ್ತಿತ್ತು. ಸಣ್ಣ ಸಂಗತಿಗಳನ್ನು ಕಂಡು ದೊಡ್ಡ ಸಿದ್ಧಾಂತ ಕಟ್ಟುವವರು ಬೇರೆ. ನಾನು ಒದ್ದೆ ತಟ್ಟೆಯನ್ನು ಕಂಡರೆ ಒರೆಸುವ ಬಟ್ಟೆ ಎಲ್ಲಿ ಎಂದು ಹುಡುಕುವ ಪೈಕಿ.

ನಮ್ಮ ಮನೆಯನ್ನು ನಿಮಗೆ ಪರಿಚಯಿಸಿಬಿಡುತ್ತೇನೆ. ಉರಿಗಾಂನ ಹಳೆಯ ಮನೆ. ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೆಂದು ಕಟ್ಟಿದ್ದು, ಗೋಡೆ ದಪ್ಪ, ಬಾಗಿಲು ಗಿಡ್ಡ. ಒಳಗೆ ನಾಲ್ಕು ಜೀವ. ನಾನು ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಲೆಕ್ಕದಲ್ಲಿ ಬದುಕುವವನು. ಹೆಂಡತಿ ಸುಮಾ ಬೂದಿಕೋಟೆಯ ದಿಕ್ಕಿನ ಹಾಲಿನ ಕೇಂದ್ರವೊಂದರಲ್ಲಿ ಹಾಲಿನ ಗುಣ ಪರೀಕ್ಷಿಸುವ ಕೆಲಸದವಳು. ಕತ್ತಲಿರುವಾಗಲೇ ಸ್ಕೂಟರ್ ಹತ್ತಿ, ಬಿಸಿಲೇರುವ ಹೊತ್ತಿಗೆ ಹಸಿದು ಮನೆಗೆ ಬರುತ್ತಾಳೆ. ಮಗಳು ಮೇಘನಾ ಆಗ ನಾಲ್ಕನೇ ತರಗತಿಯಲ್ಲಿದ್ದಳು. ಇನ್ನೊಬ್ಬರು ನನ್ನ ತಾಯಿ. ಮಗಳು ಹುಟ್ಟಿದ ಮೇಲೆ ಮನೆಯಲ್ಲಿ ಎಲ್ಲರೂ ಅವರನ್ನು ಅಜ್ಜಿ ಎಂದೇ ಕರೆಯುವುದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಈ ಅಜ್ಜಿಯದೊಂದು ಕಾನೂನು ಉಂಟು. ನನ್ನ ತಂದೆ ಇಲ್ಲಿನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಭೂಮಿಯ ಹೊಟ್ಟೆಗಿಳಿದು ಕೆಲಸ ಮಾಡಿದವರು. ಕೆಳಗೆ ಕತ್ತಲಲ್ಲಿ ಗಂಟೆಗಟ್ಟಲೆ ಕಳೆದು ಮೇಲೆ ಬಂದ ಮನುಷ್ಯ ಒಂಟಿಯಾಗಿ ಕೂತು ಉಣ್ಣಬಾರದು, ಅವನೆದುರಿಗೆ ಮನೆಯದೊಂದು ಮುಖ ಇರಬೇಕು ಎಂಬುದು ಅಜ್ಜಿಯ ಕಾನೂನಿನ ಮೊದಲ ಕಲಮು. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಉಣ್ಣುವವರ ಎದುರು ಬರಿಗೈಯಲ್ಲಿ ಕೂತು ನೋಡಿದರೆ ಊಟಕ್ಕೆ ದೃಷ್ಟಿಯಾಗುತ್ತದೆ, ಉಂಡವರಿಗೆ ಹೊಟ್ಟೆನೋವು ಬರುತ್ತದೆ. ಆದ್ದರಿಂದ ಜೊತೆಗೆ ಕೂರುವವರು ಹಸಿವಿರಲಿ ಬಿಡಲಿ, ಒಂದು ತುತ್ತನ್ನಾದರೂ ಬಾಯಿಗೆ ಹಾಕಿಕೊಳ್ಳಲೇಬೇಕು. ಈ ಎರಡು ಕಲಮುಗಳ ನಡುವೆ ಸಿಕ್ಕಿಬೀಳುತ್ತಿದ್ದುದು ಸದಾ ಮನೆಯ ಮಗು, ಏಕೆಂದರೆ ದೊಡ್ಡವರಿಗೆ ಬೇರೆ ಕೆಲಸವಿರುತ್ತಿತ್ತು.

ನನ್ನ ಬಾಲ್ಯದಲ್ಲಿ ಆ ಹುದ್ದೆ ನನ್ನದಾಗಿತ್ತು. ಅಪ್ಪ ಶಿಫ್ಟ್ ಮುಗಿಸಿ ಬಂದು, ಮೈ ತೊಳೆದು, ಮುದ್ದೆಯ ಮುಂದೆ ಕೂತರೆ ನಾನು ಎದುರಿಗೆ ಹಾಜರು. ಅವರು ಮಾತಾಡುತ್ತಿದ್ದುದು ಅಪರೂಪ. ಮುದ್ದೆಯ ಒಂದು ಚೂರನ್ನು ಸಾರಿನಲ್ಲಿ ಹೊರಳಿಸಿ ನನ್ನ ಬಾಯಿಗಿಡುತ್ತಿದ್ದರು. ನಾನದನ್ನು ನುಂಗಿದ ಮೇಲೆಯೇ ಅವರ ಊಟ ಆರಂಭ. ದೃಷ್ಟಿ ಪರಿಹಾರವಾದ ಕೂಡಲೇ ನಾನು ಬೀದಿಯಲ್ಲಿರುತ್ತಿದ್ದೆ. ತಿಂದದ್ದನ್ನು ಕರಗಿಸಲು ನನಗೆ ಇಡೀ ಊರಿತ್ತು: ಗೋಲಿ, ಚಿನ್ನಿದಾಂಡು, ಗಣಿಯ ಬೂದುಮಣ್ಣಿನ ದಿಬ್ಬಗಳನ್ನು ಏರಿ ಜಾರುವ ಕಾರ್ಯಕ್ರಮ, ಅದಕ್ಕಾಗಿ ತಿನ್ನುವ ಏಟು, ಏಟು ತಪ್ಪಿಸಿಕೊಳ್ಳಲು ಓಡುವ ಓಟ. ಹೀಗೆ ಅಜ್ಜಿಯ ಕಾನೂನು ನನ್ನ ಮೈಗೆ ಯಾವ ಗುರುತನ್ನೂ ಬಿಡಲಿಲ್ಲ. ಈಗ ನನ್ನ ಹೊಟ್ಟೆಯ ಮೇಲಿರುವ ಗುರುತಿಗೆ ಕಾರ್ಖಾನೆಯ ಕ್ಯಾಂಟೀನು ಮತ್ತು ನನ್ನ ಸ್ವಂತ ಪ್ರತಿಭೆ ಕಾರಣ.

ಮೇಘನಾ ಶಾಲೆಗೆ ಹೋಗುತ್ತಿದ್ದಷ್ಟು ದಿನ ಈ ಕಾನೂನಿನಿಂದ ಅವಳಿಗೂ ಬಾಧೆಯಿರಲಿಲ್ಲ. ಸಂಜೆ ಸಿಕ್ಕವರ ಜೊತೆ ಒಂದು ತುತ್ತು ತಿಂದು ಖೋಖೋ ಆಡಲು ಓಡುತ್ತಿದ್ದಳು. ಶಾಲೆಯ ತಂಡದಲ್ಲಿ ಓಡುವವರ ಪೈಕಿ ಅವಳು ಎಲ್ಲರಿಗಿಂತ ಸಣ್ಣವಳು. ಕೂತವರ ಸಂದಿಯಲ್ಲಿ ನುಸುಳಿ ಮಾಯವಾಗುತ್ತಿದ್ದ ಅವಳನ್ನು ಹಿಡಿಯಲು ದೊಡ್ಡ ಹುಡುಗಿಯರು ಪರದಾಡುತ್ತಿದ್ದರು. ಅಷ್ಟರಲ್ಲಿ ಎಲ್ಲವೂ ಬಂದ್ ಆಯಿತು. ಶಾಲೆ ಬಂದ್, ಮೈದಾನ ಬಂದ್, ಬೀದಿಗಿಳಿದರೆ ಪೊಲೀಸರ ಸೀಟಿ. ಬಂದ್ ಆಗದೇ ಉಳಿದದ್ದು ಹಸುಗಳು ಮಾತ್ರ. ಸರ್ಕಾರದ ಆದೇಶ ಅವುಗಳಿಗೆ ತಲುಪದ ಕಾರಣ ಎಂದಿನಂತೆ ಹಾಲು ಕೊಡುತ್ತಲೇ ಇದ್ದವು, ಸುಮಾ ಎಂದಿನಂತೆ ಹೋಗಿ ಬರುತ್ತಲೇ ಇದ್ದಳು. ಕೆಲವು ದಿನ ಮುಚ್ಚಿದ್ದ ನಮ್ಮ ಕಾರ್ಖಾನೆಯೂ ಅರ್ಧ ಜನರನ್ನು ಕರೆದು ಅಡ್ಡಾದಿಡ್ಡಿ ಶಿಫ್ಟ್‌ಗಳಲ್ಲಿ ಮತ್ತೆ ನಡೆಯಿತು.

ಈಗ ಮಗುವಿನ ದಿನಚರಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಬೆಳಿಗ್ಗೆ ಎದ್ದು ಅವಳದೇ ತಿಂಡಿ. ಸುಮಾ ಹಾಲಿನ ಕೇಂದ್ರದಿಂದ ಬಂದು, ಸ್ನಾನ ಮಾಡಿ ತಟ್ಟೆಯ ಮುಂದೆ ಕೂತಾಗ ಅಮ್ಮನ ಜೊತೆಗೊಂದು ತುತ್ತು. ಅಜ್ಜಿಗೆ ನೆತ್ತಿಯ ಮೇಲೆ ಸೂರ್ಯ ಬಂದಾಗಲೇ ಊಟವಾಗಬೇಕು, ಆಗ ಅಜ್ಜಿಯ ಜೊತೆಗೊಂದು. ಮಧ್ಯಾಹ್ನ ಇಳಿದ ಮೇಲೆ ನಾನು ಬಂದರೆ ನನ್ನ ಜೊತೆಗೊಂದು. ಒಬ್ಬರು ಉಂಡದ್ದು ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಅಮ್ಮ ಮಲಗಿದ್ದಾಗ ಅಜ್ಜಿ ಉಣ್ಣುತ್ತಿದ್ದರು, ಅಜ್ಜಿ ಮಲಗಿದ್ದಾಗ ನಾನು. ಎಲ್ಲರ ಊಟವನ್ನೂ ಕಂಡವಳು ಮೇಘನಾ ಒಬ್ಬಳೇ. ತುತ್ತು ಎಂಬುದಕ್ಕೆ ಅಳತೆ ಇಲ್ಲವಲ್ಲ, ಪ್ರೀತಿ ಹೆಚ್ಚಾದ ದಿನ ಅದು ತಟ್ಟೆ ತುಂಬುತ್ತಿತ್ತು. ಸಾಲದ್ದಕ್ಕೆ ಬೂದಿಕೋಟೆಯಲ್ಲಿರುವ ನನ್ನ ಸೋದರಮಾವ, ಮಗು ಮನೆಯಲ್ಲಿ ಕೊಳೆಯುತ್ತಿದೆಯೆಂಬ ಮರುಕದಿಂದ ಸುಮಾಳ ಕೈಯಲ್ಲಿ ಬೆಣ್ಣೆ ಕಾಸಿದ ತುಪ್ಪ ಕಳಿಸುತ್ತಿದ್ದರು.

ತುತ್ತಿನ ಬಾಬತ್ತು ಹೀಗೆ ಬೆಳೆಯುತ್ತಿದ್ದರೆ ಓಟದ ಬಾಬತ್ತು ಪೂರ್ತಿ ನಿಂತೇಹೋಗಿತ್ತು. ಶಾಲೆಯವರು ಫೋನಿನಲ್ಲೇ ಪಾಠ ಹೇಳುತ್ತಿದ್ದರು. ಚಾಪೆಯ ಮೇಲೆ ಬೋರಲಾಗಿ ಮಲಗಿ ಮಗು ಭಾಗಾಕಾರ ಕಲಿಯುತ್ತಿತ್ತು. ವಾರಕ್ಕೊಮ್ಮೆ ವ್ಯಾಯಾಮದ ಮೇಷ್ಟ್ರೂ ಫೋನಿನೊಳಗೆ ಬಂದು ಕುಣಿಯುವುದನ್ನು ತೋರಿಸುತ್ತಿದ್ದರು. ನಮ್ಮ ದಪ್ಪ ಗೋಡೆಗಳ ನಡುವೆ ನೆಟ್‌ವರ್ಕ್ ಸಿಗುವುದು ದೇವರ ದಯೆ. ಮೇಷ್ಟ್ರು ಎರಡೂ ಕೈ ಮೇಲೆತ್ತಿದ ಗಳಿಗೆಯಲ್ಲೇ ಪರದೆ ನಿಂತುಬಿಟ್ಟರೆ, ಶಿಸ್ತಿನ ವಿದ್ಯಾರ್ಥಿನಿಯಾದ ಮೇಘನಾ ಕೂಡ ಶರಣಾದವಳಂತೆ ಕೈ ಮೇಲೆತ್ತಿಕೊಂಡು ನಿಂತಿರುತ್ತಿದ್ದಳು. ಅದನ್ನು ನೋಡಿ ನಾವು ನಕ್ಕಿದ್ದೇ ನಕ್ಕಿದ್ದು. ಈಗ ನೆನೆದರೆ ಆ ಕೈಗಳು ಯಾರನ್ನೋ ಕೂಗಿ ಕರೆಯುತ್ತಿದ್ದವೇನೋ ಎನಿಸಿ ಸಂಕಟವಾಗುತ್ತದೆ.

ಮಗು ದುಂಡಗಾಗುತ್ತಿದ್ದುದು ನಮಗೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಕಂಡಿತು, ಕಂಡು ಸಂತೋಷವೂ ಆಯಿತು. ನಮ್ಮ ಭಾಷೆಯೇ ಅಂಥದ್ದು. ಮೈಕೈ ತುಂಬಿಕೊಂಡಿದ್ದಾಳೆ, ಲಕ್ಷಣವಾಗಿದ್ದಾಳೆ, ಗುಂಡುಗುಂಡಾಗಿ ಮುದ್ದಾಗಿದ್ದಾಳೆ, ಹೀಗೆ ಹಸಿವನ್ನು ಕಂಡಿದ್ದ ಹಿರಿಯರು ಕೊಬ್ಬಿಗೆ ಕೊಟ್ಟ ಬಿರುದುಗಳಿಗೆ ಲೆಕ್ಕವಿಲ್ಲ. ಮಾಸ್ಕಿನೊಳಗಿಂದ ಊರೆಲ್ಲ ಕೆಮ್ಮುತ್ತಿದ್ದ ಆ ದಿನಗಳಲ್ಲಿ ತುಂಬಿದ ಕೆನ್ನೆಯೊಂದು ಮನೆಯಲ್ಲಿರುವುದೇ ಅಭಯವೆನಿಸುತ್ತಿತ್ತು. ಪಕ್ಕದ ಮನೆಯ ಸೆಲ್ವಿಯಕ್ಕ ಕಾಂಪೌಂಡಿನಾಚೆಯಿಂದ, “ನಮ್ ಪಾಪಾ ಈಗ ನೋಡಕ್ಕೆ ಎಷ್ಟು ಚೆಂದ ಐತೆ, ಕಣ್ಣು ಬೀಳ್ತದೆ, ದೃಷ್ಟಿ ತೆಗೀರಮ್ಮ” ಎನ್ನುವರು. ಅಜ್ಜಿ ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದು ನಿವಾಳಿಸುವರು. ದಿನವೂ ಹಾಲಿನ ಕೊಬ್ಬಿನಂಶವನ್ನು ಅಳೆದು ಬರೆಯುವ ತಾಯಿ ಮನೆಯಲ್ಲಿದ್ದೂ, ಮಗಳ ವಿಷಯ ಯಾವ ಯಂತ್ರದ ಕಣ್ಣಿಗೂ ಬೀಳಲಿಲ್ಲ.

ಎರಡು ಬೇಸಗೆ ಕಳೆದ ಮೇಲೆ ಶಾಲೆ ನಿಜವಾಗಿ ತೆರೆಯಿತು. ಬೆಳೆಯುವ ಮಕ್ಕಳಿಗೆ ಬಟ್ಟೆ ಹೊಲಿಸುವಾಗ ಅಂಚನ್ನು ಉದ್ದಕ್ಕೆ ಮಡಚಿಸಿಡುವುದು ನಮ್ಮೆಲ್ಲರ ಮನೆಯ ದೂರದೃಷ್ಟಿ. ನಾವೂ ಹಳೆಯ ಸ್ಕರ್ಟಿನ ಮಡಿಕೆ ಬಿಚ್ಚಿ, ಇಸ್ತ್ರಿ ಹಾಕಿ ಹೆಮ್ಮೆಯಿಂದ ಕೊಟ್ಟೆವು. ಉದ್ದ ಸರಿಯಾಗಿಯೇ ಇತ್ತು. ಸೊಂಟದ ಕೊಕ್ಕೆಗಳು ಮಾತ್ರ ಒಂದನ್ನೊಂದು ದೂರದಿಂದ ನೋಡಿ ಸುಮ್ಮನಾದವು. ನಾವು ನಕ್ಕೆವು, ಮೇಘನಾ ನಗಲಿಲ್ಲ. ಹೊಸ ಸ್ಕರ್ಟ್ ಬಂತು. ಅದರ ಮೇಲೆ ಅವಳು ಸ್ವೆಟರ್ ಹಾಕತೊಡಗಿದಳು. ಬಿಸಿಲು ಸುಡುತ್ತಿದ್ದರೂ ತೆಗೆಯುತ್ತಿರಲಿಲ್ಲ, ಬೆವರಿ ಬಂದರೂ ತೆಗೆಯುತ್ತಿರಲಿಲ್ಲ. ಖೋಖೋ ಶುರುವಾಯಿತೇ ಎಂದು ಕೇಳಿದರೆ, “ನಾನೀಗ ಕೂರೋ ಸಾಲು” ಎಂದಳು. ಓಡುವವರ ಗುಂಪಿನಿಂದ ಅವಳನ್ನು ಯಾರೂ ತೆಗೆದಿರಲಿಲ್ಲ. ಒಂದೇ ದಿನ ಓಡಿ, ಏದುಸಿರು ಬಿಟ್ಟು, ಯಾರೋ ನಕ್ಕದ್ದನ್ನು ಕೇಳಿ, ಮರುದಿನದಿಂದ ತಾನಾಗಿಯೇ ಸಾಲಿನಲ್ಲಿ ಹೋಗಿ ಕೂತಿದ್ದಳು ಎಂಬುದು ನಿಧಾನವಾಗಿ ತಿಳಿಯಿತು.

ಆಗ ನಮಗೆ ಗಾಬರಿ ಹುಟ್ಟಿತು. ಬಂಗಾರಪೇಟೆಯ ಮಕ್ಕಳ ವೈದ್ಯರಲ್ಲಿಗೆ ಮಗುವನ್ನು ಕರೆದುಕೊಂಡು ಅಜ್ಜಿಯ ಸಮೇತ ದಂಡೆತ್ತಿ ಹೋದೆವು. ಅವರು ತೂಗಿದರು, ಅಳೆದರು, ರಕ್ತ ಪರೀಕ್ಷೆ ಮಾಡಿಸಿದರು, ಹೆದರುವಂಥದ್ದೇನಿಲ್ಲ ಎಂದರು. ಆಮೇಲೆ, ದಿನಕ್ಕೆ ಏನೇನು ತಿನ್ನಿಸುತ್ತೀರಿ ಎಂಬ ಪ್ರಶ್ನೆ ಬಂತು. ಅಲ್ಲಿ ನಡೆದದ್ದನ್ನು ನೆನೆದರೆ ಇಂದಿಗೂ ನನಗೆ ನಗು, ನಾಚಿಕೆ ಎರಡೂ ಬರುತ್ತವೆ. ಸುಮಾ, “ನನ್ ಜೊತೆ ತಿನ್ನೋದು ಒಂದೇ ತುತ್ತು ಸಾರ್” ಎಂದಳು. ಅಜ್ಜಿ, “ನಾನೂ ಒಂದೇ ಕಣಪ್ಪ, ದೃಷ್ಟಿ ಆಗ್ಬಾರ್ದು ಅಂತ” ಎಂದರು. ನನ್ನ ಸರದಿ ಬಂದಾಗ ನಾನು ಹೇಳಬೇಕಾದದ್ದೂ ಅದೇ ಆಗಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒದ್ದೆ ತಟ್ಟೆಯ ರಹಸ್ಯ ನನಗೆ ಹೊಳೆದದ್ದು ವೈದ್ಯರೆದುರಿನ ಆ ಬೆಂಚಿನ ಮೇಲೆ.

ವೈದ್ಯರು ಒಳ್ಳೆಯವರು, ನಗಲಿಲ್ಲ. “ತಿಂದಿದ್ದಕ್ಕಿಂತ ಹೆಚ್ಚಾಗಿ ಓಡೋದು ನಿಂತುಹೋಯ್ತು. ಅವಳೊಬ್ಬಳದೇ ಅಲ್ಲ, ಬಹಳ ಮಕ್ಕಳದು ಹೀಗೇ ಆಗಿದೆ. ಬೈಬೇಡಿ, ಉಪವಾಸ ಹಾಕಬೇಡಿ, ಆಡೋಕೆ ಬಿಡಿ,” ಎಂದರು. ಏಳುವಾಗ ನನ್ನ ಅಂಗಿಯ ಗುಂಡಿಗಳು ಪಡುತ್ತಿದ್ದ ಕಷ್ಟವನ್ನು ಕರುಣೆಯಿಂದ ನೋಡಿ, “ನೀವೂ ಒಂದ್ಸಲ ತಕ್ಕಡಿ ಹತ್ತಿಬಿಡಿ,” ಎಂದು ಸೇರಿಸಿದರು. ಹತ್ತಿದೆ. ಅದರ ವಿವರ ಈ ಪ್ರಬಂಧಕ್ಕೆ ಅನಗತ್ಯ.

ವೈದ್ಯರು ಹೇಳಿದ್ದರಲ್ಲಿ ನಾವು ಹಿಡಿದುಕೊಂಡು ಬಂದದ್ದು ಅವರು ಹೇಳದೇ ಇದ್ದುದನ್ನು. ರೈಲಿನಲ್ಲಿ ವಾಪಸು ಬರುವಷ್ಟರಲ್ಲಿ ಹೊಸ ಕಾನೂನು ಜಾರಿಯಾಯಿತು: ಇನ್ನು ಮುಂದೆ ನಾವು ಉಣ್ಣುವಾಗ ಮೇಘನಾ ಎದುರಿಗೆ ಕೂರುವಂತಿಲ್ಲ. ಕೂತರೆ ತಿನ್ನಬೇಕಾಗುತ್ತದೆ, ತಿನ್ನಬಾರದಾದರೆ ಕೂರಬಾರದು. ತರ್ಕದಲ್ಲಿ ಒಂದು ಎಳೆಯಷ್ಟೂ ದೋಷವಿರಲಿಲ್ಲ. ಪಾಪ, ಅವಳು ಒಪ್ಪಿಕೊಂಡಳು. ನಮ್ಮ ತಟ್ಟೆಯ ಸದ್ದಾದರೆ ಎದ್ದು ಹೊರಗೆ ಹೋಗುತ್ತಿದ್ದಳು. ಕೆಲವೇ ದಿನಗಳಲ್ಲಿ ತನ್ನ ಊಟವನ್ನೂ ಅಡುಗೆಮನೆಯ ಮೂಲೆಗೆ ಒಯ್ದು, ಗೋಡೆಗೆ ಮುಖ ಮಾಡಿ, ಗಬಗಬನೆ ಅರ್ಧ ತಿಂದು ಏಳತೊಡಗಿದಳು. ಯಾರನ್ನೂ ಒಂಟಿಯಾಗಿ ಉಣ್ಣಲು ಬಿಡದ ಮನೆಯಲ್ಲಿ ಮಗುವೇ ಒಂಟಿಯಾಗಿ ಉಣ್ಣುತ್ತಿತ್ತು. ಪುಟ್ಟ ತಟ್ಟೆ ಬೇಗ ಬೇಗ ಒಣಗುತ್ತಿತ್ತು, ಅದನ್ನು ನೋಡಿ ನಾವು ನಮ್ಮ ಯೋಜನೆ ಫಲಿಸಿತೆಂದುಕೊಂಡೆವು.

ಒಂದು ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಸುಮಾ ನಿದ್ದೆ ಹೋಗಿದ್ದಳು, ಅಜ್ಜಿ ಹಿತ್ತಲ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಎದುರಿನ ಖಾಲಿ ನೆಲವನ್ನು ನೋಡುತ್ತ ಮುದ್ದೆ ಮುರಿದೆ. ಆ ದಿನ ರಜೆಯಿದ್ದ ಮೇಘನಾ ಹೊಸ್ತಿಲಾಚೆ, ನನಗೆ ಬೆನ್ನು ಕಾಣುವಂತೆ, ಸ್ವೆಟರಿನಲ್ಲಿ ಕೂತಿದ್ದಳು. “ಬಾ ಇಲ್ಲಿ,” ಎಂದೆ. ತಿರುಗದೆಯೇ, “ಬೇಡಪ್ಪ, ನಾನ್ ಕೂತ್ರೆ ನಿನ್ ಊಟಕ್ಕೆ ದೃಷ್ಟಿ ಆಗ್ತದೆ,” ಎಂದಳು. ನಾನು ನಗಲು ಹೊರಟೆ. ಅವಳು ಮುಂದುವರಿಸಿದಳು: “ನಂಗೆ ಹಸಿವಾಗಿ ತಿಂತಿರ್ಲಿಲ್ಲ. ನೀನೊಬ್ನೇ ತಿನ್ನಬಾರ್ದು ಅಂತ ತಿಂತಿದ್ದೆ. ಅಮ್ಮಂಗೂ ಅಷ್ಟೇ, ಅಜ್ಜೀಗೂ ಅಷ್ಟೇ. ಈಗ ನಾನ್ ಎದುರಿಗಿದ್ರೆ ನಿಮಗೆಲ್ಲ ನಾಚಿಕೆ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಊರೆಲ್ಲ ಮುಚ್ಚಿಕೊಂಡು ಕೂತಿದ್ದಾಗ, ಹೊರಗೆ ದುಡಿದು ಹೆದರಿ ಮನೆಗೆ ಬರುತ್ತಿದ್ದ ನಮಗೆ ಎದುರಿಗೊಂದು ಮುಖ ಕೊಟ್ಟು ಕಾದವಳು ಈ ಮಗು. ಎಲ್ಲ ಶಿಫ್ಟನ್ನೂ ಅವಳೊಬ್ಬಳೇ ಮಾಡಿದ್ದಳು. ನಾವು ಅವಳ ಮೈಯಲ್ಲಿ ಕಂಡು ಗಾಬರಿಯಾದದ್ದು ನಮ್ಮದೇ ಊಟಕ್ಕೆ ಅವಳು ಕೊಟ್ಟ ಜೊತೆಯನ್ನು. ನನಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲು ನೀರು ಕುಡಿದೆ; ನೀರೂ ನೆತ್ತಿಗೇರಿತು.

ಇದನ್ನೆಲ್ಲ ಅಜ್ಜಿ ಕೇಳಿಸಿಕೊಂಡಿದ್ದರು. ಅವರು ಸಮಾಧಾನದ ಮಾತಿಗೆ ಹೋಗಲಿಲ್ಲ. ಹಿಂದಿನ ದಿನ ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆಯನ್ನು ಎತ್ತಿಕೊಂಡು ಬಂದು ನನ್ನ ತಟ್ಟೆಯ ಎದುರಿಗೆ ದೊಪ್ಪನೆ ಇಟ್ಟರು. “ಲೇ ಮೇಗಿ, ಒಳಕ್ ಬಾರಮ್ಮಿ. ಈ ಕಾಳು ಇದುಕು. ಕೈ ನೀರಲ್ಲಿರ್ಲಿ, ಕಣ್ಣು ಕಾಳಿನ್ ಮ್ಯಾಲಿರ್ಲಿ, ಮಾತು ನಿಮ್ಮಪ್ಪನ್ ಜತೆಗಿರ್ಲಿ. ಯಾವ ದೃಷ್ಟೀನೂ ಆಗಲ್ಲ, ನಾನ್ ಏಳ್ತೀನಿ ಕಣಮ್ಮಿ,” ಎಂದರು. ತಾವೇ ಬರೆದ ಕಾನೂನಿಗೆ ತಾವೇ ತಿದ್ದುಪಡಿ ತಂದ ಇಂಥ ಶಾಸಕರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೇಘನಾ ಹೊಸ್ತಿಲಾಚೆಯಿಂದಲೇ ತಿರುಗಿ ಪಾತ್ರೆಯತ್ತ ನೋಡಿದಳು. ನೆನೆದ ಅವರೆಕಾಳು ಬೆರಳಿಗೆ ಸಿಕ್ಕಿದರೆ ಹಿದುಕದೇ ಇರಲು ಕೋಲಾರದ ಕಡೆ ಹುಟ್ಟಿದ ಯಾರಿಗೂ ಸಾಧ್ಯವಿಲ್ಲವಷ್ಟೆ. ಬಂದಳು, ಕೂತಳು. ನೀರಿನಲ್ಲಿ ಕೈಯಾಡಿಸಲು ತೋಳು ಮಡಚಬೇಕಾಯಿತು. ಒದ್ದೆಯಾಗುತ್ತದೆಂದು ಸ್ವೆಟರನ್ನು ತೆಗೆದು ಪಕ್ಕಕ್ಕಿಟ್ಟಳು. ಮೊದಲ ಕಾಳು ಸಿಪ್ಪೆಯಿಂದ ಚಿಮ್ಮಿ ನನ್ನ ಸಾರಿಗೆ ಬಿತ್ತು. ಆಗ ನಕ್ಕಳು ನೋಡಿ, ಆ ನಗುವನ್ನು ಕೇಳಿ ಎಷ್ಟೋ ತಿಂಗಳಾಗಿತ್ತು.

ಆ ಚಳಿಗಾಲ ನಮ್ಮ ಮನೆಯಲ್ಲಿ ಹಿದುಕಿದಬೇಳೆಯ ಸಾರಿಗೆ ಬರವಿರಲಿಲ್ಲ. ಅವರೆಯ ಕಾಲ ಮುಗಿದ ಮೇಲೆ ಬೆಳ್ಳುಳ್ಳಿ ಬಂತು, ಹುಣಸೆಹಣ್ಣಿನ ಬೀಜ ಬಿಡಿಸುವುದು ಬಂತು, ಏನೂ ಇಲ್ಲದ ದಿನ ಭೂಪಟಕ್ಕೆ ಬಣ್ಣ ತುಂಬುವುದು ಬಂತು. ಎದುರಿಗೆ ಮುಖವಿತ್ತು, ಕೈಗೆ ಕೆಲಸವಿತ್ತು, ತುತ್ತಿನ ಬಲವಂತ ಇರಲಿಲ್ಲ. ಹಸಿವಾದಾಗ ಅವಳೂ ನಮ್ಮ ಜೊತೆಯಲ್ಲೇ, ಗೋಡೆಗೆ ಬೆನ್ನು ಹಾಕಿ ಕೂತು, ಹೊಟ್ಟೆ ತುಂಬ ಉಣ್ಣುತ್ತಿದ್ದಳು. ಸಂಜೆ ನಾವಿಬ್ಬರೂ ರೈಲು ನಿಲ್ದಾಣದವರೆಗೆ ನಡೆಯತೊಡಗಿದೆವು. ಮಗಳ ವ್ಯಾಯಾಮಕ್ಕೆ ಜೊತೆಯಾಗಿ ಹೋಗುವ ಆದರ್ಶ ತಂದೆಯೆಂದು ನಾನು ಬೀಗುತ್ತಿದ್ದರೆ, ಸೆಲ್ವಿಯಕ್ಕ ಮೇಘನಾಳನ್ನು ತಡೆದು, “ಅಪ್ಪಾನ ದಿನಾ ಬಿಡ್ದೆ ಕರ್ಕೊಂಡೋಗು ಪಾಪಾ, ಮನುಷ್ಯ ತುಂಬಾ ಊದ್ಬಿಟ್ಟವ್ರೆ,” ಎಂದರು. ನಡಿಗೆ ಯಾವಾಗ ಓಟವಾಯಿತೋ ತಿಳಿಯದು. ಅವಳು ಮುಂದೆ ಹೋಗಿ ನಿಂತು ನನಗಾಗಿ ಕಾಯುವುದು ಶುರುವಾದ ಮೇಲೆ ಗೊತ್ತಾಯಿತು.

ಈಗ ಅವಳು ಹೈಸ್ಕೂಲಿನ ಹುಡುಗಿ. ಕಡ್ಡಿಯಂತೇನೂ ಆಗಿಲ್ಲ, ಅಜ್ಜಿಯ ಕೆನ್ನೆ ಅವಳಿಗೆ ಬಂದಿದೆ, ಅದು ಎಲ್ಲಿಗೂ ಹೋಗುವುದಿಲ್ಲ, ಹೋಗಬೇಕಾದ್ದೂ ಇಲ್ಲ. ಸ್ವೆಟರ್ ಮಾತ್ರ ಚಳಿಗಾಲಕ್ಕೆ ಮೀಸಲಾಗಿದೆ. ಖೋಖೋದಲ್ಲಿ ಮತ್ತೆ ಓಡುವವರ ಗುಂಪಿಗೆ ಸೇರಿದ್ದಾಳೆ. ಮೊದಲಿನಂತೆ ಸಂದಿಯಲ್ಲಿ ನುಸುಳಲಾರಳಂತೆ, ಆದರೆ ಹಿಡಿಯಲು ಬಂದವರನ್ನು ಸುಸ್ತು ಮಾಡುವುದು ಕಲಿತಿದ್ದಾಳಂತೆ. ಅಭ್ಯಾಸ ಮುಗಿಸಿ ಸಂಜೆ ಮಣ್ಣು ಮೆತ್ತಿಕೊಂಡು ಬರುತ್ತಾಳೆ. ನಮ್ಮ ಮನೆಯಲ್ಲೀಗ ಶಿಫ್ಟ್ ಮುಗಿಸಿ ಹಸಿದು ಬರುವವಳು ಅವಳು.

ಮೊನ್ನೆ ಹಾಗೆಯೇ ಬಂದು, ಕೈಕಾಲು ತೊಳೆದು ಊಟಕ್ಕೆ ಕೂತಳು. ಅಜ್ಜಿ ಸೆಲ್ವಿಯಕ್ಕನ ಮನೆಗೆ ಹೋಗಿದ್ದರು, ಸುಮಾ ಬಟ್ಟೆ ಒಗೆಯುತ್ತಿದ್ದಳು. ನಾನು ಹೋಗಿ ಎದುರಿಗೆ ಕೂತೆ. ಒಂದು ತುತ್ತನ್ನು ಬಾಯಿಯ ಹತ್ತಿರ ಒಯ್ದವಳು ನನ್ನ ಕೈಗಳನ್ನು ನೋಡಿ ನಿಲ್ಲಿಸಿದಳು. “ಕೈಯಲ್ಲಿ ಏನೂ ಇಲ್ವಲ್ಲಪ್ಪ? ಹಿಂಗೆ ಸುಮ್ನೆ ನೋಡ್ತಾ ಕೂತ್ರೆ ನಂಗೆ ಹೊಟ್ಟೆನೋವು ಬರಲ್ವಾ?” ಎಂದವಳೇ ಎದ್ದುಹೋಗಿ, ಗೂಡಿನಿಂದ ತನ್ನ ಹೆಸರಿನ ಪುಟ್ಟ ತಟ್ಟೆಯನ್ನು ತಂದಳು. ತನ್ನ ಮುದ್ದೆಯಿಂದ ನಿಂಬೆಹಣ್ಣಿನಷ್ಟು ಮುರಿದು ಹಾಕಿ, ಸಾರು ಬಿಟ್ಟು ನನ್ನ ಮುಂದೆ ತಳ್ಳಿದಳು. “ಇದ್ರಲ್ಲಿ ಇರೋದಷ್ಟೇ. ಡಾಕ್ಟ್ರು ನಿಂಗೆ ಹೇಳಿದ್ದು ನಂಗೆ ನೆನಪೈತೆ.”

ತಿಂದೆ. ನಾನು ನುಂಗಿದ್ದನ್ನು ನೋಡಿ ಆಮೇಲೆ ಅವಳು ತನ್ನ ಊಟ ಶುರುಮಾಡಿದಳು, ನನ್ನ ಅಪ್ಪ ಮಾಡುತ್ತಿದ್ದಂತೆಯೇ. ಅಂದಿನ ಆಟದಲ್ಲಿ ಯಾರು ಬಿದ್ದರು, ಯಾರು ಸುಳ್ಳೇ ಔಟ್ ಎಂದರು ಎಂಬುದನ್ನೆಲ್ಲ ಕೇಳಿ ಮುಗಿಸಿ, ಪುಟ್ಟ ತಟ್ಟೆಯನ್ನು ನಾನೇ ತೊಳೆದು ಗೂಡಿನಲ್ಲಿ ಓರೆಯಾಗಿ ನಿಲ್ಲಿಸಿದೆ. ಅವಳ ಹೆಸರಿನ ಮೇಲಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸುವ ಬಟ್ಟೆ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ನಾನು ಅದನ್ನು ಮುಟ್ಟಲಿಲ್ಲ.